ಸಂಜಿ ಮೊಬೈಲ್ ಬಿಟ್ಟು ಏನು ಮಾಡ್ಬೇಕು? ಕೌದಿ ಹೊಲೀರಿ, ಆದ್ರ ತಾರೀಖು ಹಾಕ್ಕೋಬ್ಯಾಡ್ರಿ

ಸಂಜಿ ಮೊಬೈಲ್ ಬದ್ಲಿ ಒಂದು ಹವ್ಯಾಸ ಹೇಳ್ರಿ, ಅರ್ಧ ತಾಸಿನ ಕೆಲಸ ಇರಬೇಕು, ಸ್ಕ್ರೀನ್ ಇರಬಾರ್ದು, ಒಂದು ತಿಂಗಳದಾಗ ಏನಾರೆ ತಯಾರಾಗಿ ಕೈಗಿ ಸಿಗಬೇಕು ಅಂತ ಕೇಳೀರಿ. ನಾನೂ ಇವೇ ಮೂರು ಕಂಡೀಷನ್ ಹಾಕ್ಕೊಂಡು ಕೌದಿ, ಅಂದ್ರ ಹಳೀ ಬಟ್ಟಿ ಪದರ ಕೂಡ್ಸಿ ಹೊಲಿಯೋ ಹೊದಿಕಿ, ಹೊಲೀಲಾಕ ಶುರು ಮಾಡಿದ್ದೆ ನೋಡ್ರಿ. ಮೊದಲಿನ ಎರಡು ಬರೋಬರಿ ಅವ. ಮೂರನೇದ್ರಿಂದ ನಮ್ಮ ಅಜ್ಜನ ಧೋತ್ರ ಗುಲಾಬಿ ಬಣ್ಣ ಆಯ್ತು.

ನಾನು ಕಲಬುರಗಿದಾಗ ಒಂದು ದಾಲ್ ಮಿಲ್‌ನಾಗ ಲೆಕ್ಕ ಬರೀತೀನಿ. ತೊಗರಿ ಸೀಸನ್ ಅಂದ್ರ ಡಿಸೆಂಬರ್ ಆಖರಿಯಿಂದ ಮಾರ್ಚ್ ತನಕ ಹಗಲೆಲ್ಲಾ ಕಂಪ್ಯೂಟರ್, ಮನಿಗಿ ಬಂದ್ರೂ ವಾಟ್ಸಾಪ್‌ನಾಗ ಎಪಿಎಂಸಿ ರೇಟು, ಲಾರಿ ಎಲ್ಲಿ ಬಂತು, ಬಿಲ್ ಯಾಕ ತಪ್ಪಾಗ್ಯದ, ಇದೇ. ಊಟ ಆದ ಮ್ಯಾಲ ಮಲ್ಕೊಂಡು ರೀಲ್ಸ್ ನೋಡ್ಕೋತ ಹನ್ನೆರಡು, ಒಂದು ಆಗ್ತಿತ್ತು, ಕಣ್ಣು ಉರಿ, ನಿದ್ದಿ ಇಲ್ಲ. ಎಲ್ಲಾರೂ ನೀಲಿ ಬೆಳಕು ನೀಲಿ ಬೆಳಕು ಅಂತಾರ. ರಾತ್ರಿ ಬೆಳಕಿಗಿ ಮೆಲಟೋನಿನ್ (ನಿದ್ದಿ ತರೋ ಹಾರ್ಮೋನು) ಕಡಿಮಿ ಆಗ್ತದ ಅನ್ನೋದು ಖರೆನೇ, ಆದ್ರ ನನ್ನ ನಿದ್ದಿ ಕೆಡಿಸಿದ್ದು ಬೆಳಕಲ್ಲ, ಮುಂದಿನ ಮೆಸೇಜ್‌ದಾಗ ಏನು ಬರ್ತದೋ ಅನ್ನೋ ಚಿಂತಿ. ನೈಟ್ ಮೋಡ್ ಹಾಕಿದ್ರ ಅದೇನು ಹೋಗ್ತದೇನ್ರಿ?

ಪುಸ್ತಕ ಓದು ಅಂದ್ರು. ದಿನಾ ಪೂರಾ ಅಂಕಿ ನೋಡಿದ ಕಣ್ಣಿಗಿ ಮತ್ತ ಅಕ್ಷರ ತೋರಿಸೋದು ನನ್ನ ಕೈಲಿ ಆಗ್ಲಿಲ್ಲ. ದೊಡ್ಡೋರು ಬಣ್ಣ ತುಂಬೋ ಪುಸ್ತಕ ಬರ್ತಾವಲ್ಲ, ಅದೂ ತಂದೆ, ಒಂದು ನವಿಲು ಅರ್ಧ ಆಗಿ ಇನ್ನೂ ಹಂಗೇ ಬಿದ್ದದ. ಬೀದರ್‌ದಾಗಿರೋ ನಮ್ಮ ಭಾವ "ಬಿದ್ರಿ ಕಲಿ" ಅಂದ. ಅವನಿಗೇನು, ಹೇಳೋದು ಸಸ್ತಾ. ಸತು ತಾಮ್ರ ಕೂಡ್ಸಿ ಎರಕ ಹೊಯ್ದು, ಉಳಿ ಹಿಡ್ದು ಗೆರಿ ಕೆತ್ತಿ, ಅದರಾಗ ಬೆಳ್ಳಿ ತಂತಿ ಬಡ್ದು ಕೂಡ್ರಿಸಿ, ಆಮ್ಯಾಲ ಬೀದರ್ ಕೋಟೆ ಮಣ್ಣಿಗಿ ನವಸಾಗರ ಕಲಸಿ ಹಚ್ಚಿ ಕರೀ ಮಾಡ್ತಾರ, 2006ರಾಗ ಜಿಐ (ಈ ಊರಿಂದೇ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕ ಕಸುಬು ಅದು, ಮಂದಿ ಜನ್ಮ ಪೂರಾ ಅದರಾಗೇ ಕಳೀತಾರ. ರಾತ್ರಿ ಒಂಬತ್ತಕ್ಕ ನಾನು ಸುತ್ತಿಗಿ ಹಿಡ್ಕೊಂಡು ಕುಂತ್ರ ಬಾಜೂ ಮನಿಯವ್ರು ಬಂದು ನನ್ನನ್ನೇ ಬಡೀತಾರ.

ಕೌದಿ ಹೆಂಗ ಶುರು ಆಯ್ತಂದ್ರ, ದೊಡ್ಡವ್ವ ಹೊಲೀತಾಳ, ಆಕಿಗಿ ಸೂಜಿ ಕಣ್ಣು ಕಾಣಂಗಿಲ್ಲ, ದಾರ ಪೋಣಿಸಿ ಕೊಡು ಅಂತ ದಿನಾ ಕರೀತಿದ್ಲು, ಪೋಣಿಸಿ ಕೊಡ್ತಾ ಕೊಡ್ತಾ ಒಂದು ಸಾಲು ನಾನೇ ಹಾಕ್ದೆ. ಕೆಲಸ ಇಷ್ಟೇ ರೀ: ಶಹಾಬಾದ್ ಫರ್ಶಿ ಮ್ಯಾಲ ಹಳೀ ಕಾಟನ್ ಸೀರಿ ಹಾಸೋದು, ಅದರ ಮ್ಯಾಲ ಧೋತ್ರನೋ ಹರಕ ಚಾದರನೋ, ಮ್ಯಾಲ ಮತ್ತೊಂದು ಸೀರಿ, ಸುಕ್ಕು ಇಲ್ದಂಗ ಎಳ್ದು ಪದರ ಸರೀಬಾರ್ದಂತ ದೊಡ್ಡ ದೊಡ್ಡ ಕಚ್ಚಾ ಟಾಕಿ ಹಾಕೋದು, ಆಮ್ಯಾಲ ಅಂಚಿನಿಂದ ಸುತ್ತ ಸುತ್ತ ಹೊಲ್ಕೋತ ಒಳಗ ಬರೋದು. ಡಿಸೈನ್ ವಿಚಾರ ಮಾಡೋದಿಲ್ಲ, ಲೆಕ್ಕ ಇಡೋದಿಲ್ಲ. ಒಂದು ಕೈ ಮ್ಯಾಲ, ಒಂದು ಕೈ ಕೆಳಗ, ಮೊಬೈಲ್ ಹಿಡೀಲಾಕ ಮೂರನೇ ಕೈ ಎಲ್ಲಿಂದ ತರ್ತೀರಿ? ಲಕ್ಷ್ಯ ತಪ್ಪಿದ್ರ ಸೂಜಿನೇ ಹೇಳ್ತದ. ಗಂಡಸು ಕೌದಿ ಹೊಲೀಲಾಕತ್ಯಾನ ಅಂತ ಓಣ್ಯಾಗ ನಕ್ಕರು, ನಗಲಿ, ನಂಗ ಹತ್ತೂವರಿಗೇ ಆಕಳಿಕಿ ಬರ್ಲಾಕ ಶುರು ಆದ್ವು.

ಈಗ ಎಲ್ಲಿ ಕೆಟ್ಟಿತು ಅಂತ ಹೇಳ್ತೀನಿ, ಇದನ್ನ ಸ್ವಲ್ಪ ಉದ್ದಾನೇ ಹೇಳ್ತೀನಿ ಯಾಕಂದ್ರ ಯಾರೂ ಹೇಳಂಗಿಲ್ಲ. ತಂಗಿಗಿ ಹೆರಿಗಿ ಆಗಿತ್ತು, ತೊಟ್ಟಿಲ ಕಾರ್ಯಕ್ಕ ಕೂಸಿಗಿ ನನ್ನ ಕೈಲಿ ಹೊಲ್ದ ಕೌದಿ ಅಂತ ಎಲ್ಲಾರ ಮುಂದ ಹೇಳ್ಬಿಟ್ಟೆ. ಅಜ್ಜ ಹೋದ ಮ್ಯಾಲ ಅವ್ವ ಟ್ರಂಕ್‌ನಾಗ ಇಟ್ಟಿದ್ದ ಬಿಳೀ ಧೋತ್ರ ಕೇಳಿ ತಗೊಂಡೆ, ಉಟ್ಟು ಉಟ್ಟು ಮೆತ್ತಗಾಗಿತ್ತು, ಕೂಸಿಗಿ ಅದಕ್ಕಿಂತ ಚಲೋ ಬಟ್ಟಿ ಸಿಗಂಗಿಲ್ಲ. ಬರೀ ಬಿಳೀ ಆದ್ರ ಹೆಂಗ ಅಂತ ಸೂಪರ್ ಮಾರ್ಕೆಟ್ ಕಡಿ ಹೋಗಿ ಅಂಚಿಗಿ ಹೊಸಾ ಕೆಂಪು ಕಾಟನ್ ತಂದೆ. ದೊಡ್ಡವ್ವ ಅಂದ್ಲು, ರಾತ್ರಿ ನೆನೆಸಿಟ್ಟು ತೊಳ್ದು ಒಣಗಿಸಿ ಹೊಲಿ. ನಾನು ಟೈಮ್ ಇಲ್ಲ ಅಂದೆ. ಕಾರ್ಯ ಹತ್ರ ಬಂದಿತ್ತು.

ಹೊಸಾ ಬಟ್ಟಿದಾಗ ಎರಡು ತೊಂದ್ರಿ ಇರ್ತಾವ. ಕೆಂಪು, ಗಾಢ ನೀಲಿ ಇಂಥಾವ್ರಾಗ ನೂಲಿಗಿ ಸರೀ ಹಿಡೀದ ಬಣ್ಣ ಒಂದಿಷ್ಟು ಉಳ್ದಿರ್ತದ, ನೀರು ಕಂಡ ಕೂಡ್ಲೆ ಬಿಡ್ತದ. ಎರಡನೇದು, ಹೊಸಾ ಕಾಟನ್ ಮೊದಲ ಸಲ ತೊಳ್ದಾಗ ಕುಗ್ತದ, ಹಳೀ ಧೋತ್ರ ಕುಗ್ಗೋದೆಲ್ಲಾ ಯಾವಾಗೋ ಕುಗ್ಗಿ ಮುಗಿಸಿರ್ತದ, ಎರಡೂ ಒಂದೇ ದಾರದಾಗ ಹೊಲ್ದ್ರ ತೊಳ್ದ ಮ್ಯಾಲ ಅಂಚು ಬಿಗೀತದ, ನಡುವಿಂದು ಉಬ್ತದ. ಇದ್ಯಾವುದೂ ಆಗ ನಂಗ ಗೊತ್ತಿರ್ಲಿಲ್ಲ. ಕಾರ್ಯದ ಹಿಂದಿನ ದಿನ, ಕೂಸಿಂದು ಸ್ವಚ್ಛ ಇರಲಿ ಅಂತ ಬಿಸಿನೀರಾಗ ಪುಡಿ ಹಾಕಿ ನೆನೆಸಿಟ್ಟು ಡ್ಯೂಟಿಗಿ ಹೋದೆ! ತಣ್ಣೀರಾದ್ರೂ ಇರಬೇಕಿತ್ತು, ನೆನೆಸದೇ ಇದ್ರ ಇನ್ನೂ ಚಲೋ. ಬಂದು ನೋಡ್ತೀನಿ ಬಕೀಟ್ ಪೂರಾ ಕೆಂಪು. ಅಲ್ಲಿಗೂ ಪೂರಾ ಕೆಟ್ಟಿರ್ಲಿಲ್ಲ, ಹಸೀ ಇದ್ದಾಗಲೇ ನೀರು ಬದಲಿಸಿ ಬದಲಿಸಿ ಜಾಲಿಸಿದ್ರ ಭಾಳಷ್ಟು ಹೋಗ್ತಿತ್ತು, ನಾನು ಗಾಬರಿಯಾಗಿ ಹಿಂಡಿ ಮಾಳಿಗಿ ಮ್ಯಾಲ ಹಾಕ್ದೆ. ಏಪ್ರಿಲ್ ತಿಂಗಳು, ನಮ್ಮೂರ ಬಿಸಿಲು 40 ಡಿಗ್ರಿ ದಾಟಿರ್ತದ, ನೋಡ್ತಾ ನೋಡ್ತಾ ಒಣಗಿತು, ಒಣಗಿದ್ರ ಹತ್ತಿದ ಬಣ್ಣ ಕೂತ್ಬಿಡ್ತದ, ಮುಗೀತು. ಉಪ್ಪು ಹಾಕಿದ್ರ ಬಣ್ಣ ನಿಲ್ತದ ಅಂತ ಯಾರಾರೆ ಹೇಳಿದ್ರ ನಂಬಬ್ಯಾಡ್ರಿ, ಉಪ್ಪು ಬಣ್ಣ ಹಾಕೋವಾಗಿನ ಮಾತು, ಹಾಕಿ ಮುಗಿದ ಬಟ್ಟಿಗಿ ಅದೇನೂ ಮಾಡಂಗಿಲ್ಲ. ಹಸೀ ಬಿಳೀ ಅರಿವಿ ತಗೊಂಡು ಹೊಸಾ ಬಟ್ಟಿ ಮ್ಯಾಲ ಒತ್ತಿ ಉಜ್ಜಿ ನೋಡ್ರಿ, ಅರಿವಿಗಿ ಬಣ್ಣ ಹತ್ತಿದ್ರ ಇನ್ನೊಂದು ಸಲ ತೊಳೀರಿ.

ತೊಟ್ಟಿಲಿಗಿ ಅಂಗಡಿಯಿಂದ ಒಂದು ಮೆತ್ತನ್ನ ದುಪಟಿ ತಂದು ಕೊಟ್ಟೆ. ಅಜ್ಜಂದು ಅಂತ ಇದ್ದಿದ್ದು ಅದೊಂದೇ ಧೋತ್ರ, ಅವ್ವ ಬೈದಿದ್ದು ಬರೀಲಾಕ ಬರಂಗಿಲ್ಲ. ನಾನೂ ಸೂಜಿ ಬಿಟ್ಟು ತಿಂಗಳಗಟ್ಟಲೆ ಮತ್ತ ರೀಲ್ಸ್‌ಗೇ ಹೋದೆ.

ಅದಕ್ಕೇ ನಿಮ್ಮ ಮೂರನೇ ಕಂಡೀಷನ್ ನಾನು ಒಪ್ಪಂಗಿಲ್ಲ. ತಿಂಗಳದಾಗ ತಯಾರಾಗ್ಬೇಕು ಅಂದ್ರ ಅದು ಹವ್ಯಾಸ ಅಲ್ರೀ, ಮನಿಯಾಗ ಇನ್ನೊಂದು ಆಫೀಸ್. ಆವತ್ತು ನಾನು ಹೊಲೀತಿದ್ದಿದ್ದು ಕೌದಿ ಅಲ್ಲ, ಡೆಡ್‌ಲೈನ್. ಈಗ ಹೊಲೀಲಾಕತ್ತಿದ್ದು ಯಾರಿಗಿ ಅಂತ ನಂಗೂ ಗೊತ್ತಿಲ್ಲ, ಯಾರಾರೆ ಕೇಳಿದ್ರ ದೊಡ್ಡವ್ವಂದು ಅಂತ ಸುಳ್ಳು ಹೇಳ್ತೀನಿ, ಇಲ್ದಿದ್ರ "ನಮಗೊಂದು" ಅಂತ ಗಂಟು ಬೀಳ್ತಾರ.

ಶುರು ಮಾಡೋರಿದ್ರ: ನೈಲಾನ್, ಪಾಲಿಯೆಸ್ಟರ್ ಸೀರಿ ಬ್ಯಾಡ, ಪದರ ಜಾರ್ತಾವ, ಹೊತ್ಕೊಂಡ್ರ ಬೆವರೂ ಹೀರಂಗಿಲ್ಲ. ಬಲಗೈಲಿ ಹೊಲಿಯೋರು ಲೈಟ್ ಎಡಗಡಿಯಿಂದ ಬೀಳಂಗ ಕುಂದರ್ರಿ, ಕೈ ನೆರಳು ಹೊಲಿಗಿ ಮ್ಯಾಲ ಬೀಳಂಗಿಲ್ಲ. ಮೊಬೈಲ್ ಅಡಗಿಮನ್ಯಾಗ ಚಾರ್ಜಿಗಿ ಹಾಕ್ರಿ, ಅಲಾರಂ ಬೇಕಲ್ಲ ಅನ್ನೋ ನೆಪ ತಗೀಬ್ಯಾಡ್ರಿ, ಬಜಾರ್‌ದಾಗ ಅಲಾರಂ ಗಡಿಯಾರ ಇನ್ನೂ ಸಿಗ್ತಾವ. ಬ್ಯಾಸಿಗ್ಯಾಗ ತೊಡಿ ಮ್ಯಾಲ ದಪ್ಪನ ಕೌದಿ ಹಾಕ್ಕೊಂಡು ಕೂಡೋದು ನಮ್ಮ ಕಡಿ ಆಗದ ಮಾತು, ಆಗ ಸಣ್ಣ ಸಣ್ಣ ಚೌಕ ಹೊಲ್ದಿಟ್ಕೊಂಡು ಮಳಿ ಬಿದ್ದ ಮ್ಯಾಲ ಜೋಡಿಸ್ರಿ.

ಕೌದಿ ಒಲ್ಲೆ ಅಂದ್ರ ಮೊರ ತಗೊಂಡು ಜ್ವಾಳ ಹಸನ ಮಾಡ್ಲಾಕ ಕುಂದರ್ರಿ. ಅದಕ್ಕೂ ಎರಡೂ ಕೈ ಬೇಕು, ಮನಿಯಾಗ ಬೈಸ್ಕೊಳ್ಳೋದೂ ತಪ್ತದ.