ಬಾಣಂತನ ಮುಗಿಯಲಿ ಎಂದು ಕಾಯಬೇಡಿ

ಪ್ರಶ್ನೆ: ನನ್ನ ಮಗಳಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಮಗುವಿನ ತೂಕ 1,300 ಗ್ರಾಂ. ಕೋಲಾರದಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆಮ್ಲಜನಕ ಕೊಟ್ಟು ಉಳಿಸಿಕೊಟ್ಟರು. ಈಗ 24 ದಿನ. ಡಿಸ್‌ಚಾರ್ಜ್ ಚೀಟಿಯಲ್ಲಿ ಕಣ್ಣಿನ ಪರೀಕ್ಷೆ ಎಂದು ಬರೆದಿದ್ದಾರೆ. ಮಗು ಚೆನ್ನಾಗಿಯೇ ಕಣ್ಣು ಬಿಡುತ್ತದೆ. ಮೂರು ತಿಂಗಳು ಹೊಸಿಲು ದಾಟಿಸಬಾರದು ಎನ್ನುತ್ತಾರೆ ಮನೆಯವರು. ಹಿಂದೆ ನಮ್ಮ ಬೀದಿಯ ಮಗುವೊಂದಕ್ಕೆ ದಡಾರ ಬಂದು ಕಣ್ಣು ಹೋಗಿತ್ತು, ಅದೇ ಭಯ. ಬಾಣಂತಿಗೆ ಕ್ಯಾರೆಟ್, ಸೊಪ್ಪು ಹೆಚ್ಚು ಕೊಟ್ಟರೆ ಸಾಕೇ?
— ಒಬ್ಬ ಅಜ್ಜಿ, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಅಮ್ಮಾ, ಅಂಕಣ ಪ್ರಕಟವಾಗುವವರೆಗೆ ಕಾಯುವ ವಿಷಯ ಇದಲ್ಲವೆಂದು ನಿಮಗೆ ಫೋನ್‌ನಲ್ಲೇ ತಿಳಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು, ಇಂಥದೇ ಚೀಟಿಯನ್ನು ಮಡಿಸಿ ಬೀರುವಿನಲ್ಲಿಟ್ಟಿರುವ ಬೇರೆ ಮನೆಗಳಿಗಾಗಿ.

ನಿಮ್ಮ ಬೀದಿಯ ಮಗುವಿನದು ಬೇರೆ ಕಾಯಿಲೆ. ಅರೆಹೊಟ್ಟೆಯ ಮಗುವಿಗೆ ದಡಾರ ಬಂದರೆ ಮೈಯಲ್ಲಿದ್ದ ಅಲ್ಪಸ್ವಲ್ಪ ಎ ಜೀವಸತ್ವವೂ ಬರಿದಾಗುತ್ತದೆ. ಅದರ ಕೊರತೆಯಿಂದ ಇರುಳುಗಣ್ಣು ಬರುತ್ತದೆ, ಬಿಳಿಗುಡ್ಡೆಯ ಮೇಲೆ ನೊರೆಯಂಥ ಮಚ್ಚೆ ಏಳುತ್ತದೆ; ವಿಪರೀತಕ್ಕೆ ಹೋದರೆ ಕರಿಗುಡ್ಡೆಯ ಮೇಲಿನ ತಿಳಿಪದರವೇ ಕರಗುತ್ತದೆ. ಬಡ ದೇಶಗಳಲ್ಲಿ ಮಕ್ಕಳ ಕುರುಡಿಗೆ ಬಹುಕಾಲ ಇದೇ ದೊಡ್ಡ ಕಾರಣವಾಗಿತ್ತು. ಆಫ್ರಿಕಾದ ಕೆಲವೆಡೆ ಈಗಲೂ ಇದೆ. ನಮ್ಮಲ್ಲಿ 1970ರಲ್ಲಿ ಆರಂಭವಾದ ಎ ಜೀವಸತ್ವದ ಕಾರ್ಯಕ್ರಮ, ದಡಾರದ ಲಸಿಕೆ ಎರಡೂ ಸೇರಿ ಅದನ್ನು ಹಿಂದಕ್ಕೆ ತಳ್ಳಿವೆ. ನಿಮ್ಮ ಮೊಮ್ಮಗುವಿಗೂ 9 ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆಯ ಜೊತೆ ಮೊದಲ ಎ ಜೀವಸತ್ವ ಸಿಗುತ್ತದೆ. ಸೊಪ್ಪು, ಪರಂಗಿಹಣ್ಣು ಬಾಣಂತಿಗೆ ಒಳ್ಳೆಯದೇ, ಕೊಡಿ. ಆದರೆ ಈಗಿನ ಚಿಂತೆಗೆ ಅದು ಮದ್ದಲ್ಲ.

ಈಗಿನ ಚಿಂತೆ ಕಣ್ಣಿನ ಹಿಂಭಾಗದ ರೆಟಿನಾದ್ದು, ಅಂದರೆ ಬೆಳಕನ್ನು ಗ್ರಹಿಸುವ ತೆಳುಪದರದ್ದು. ಅದರ ರಕ್ತನಾಳಗಳು ನಡುವಿನಿಂದ ಅಂಚಿನವರೆಗೆ ಹಬ್ಬಿ ಮುಗಿಯುವುದು ಗರ್ಭಕ್ಕೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಮೊದಲೇ ಹುಟ್ಟಿದ ಮಗುವಿನಲ್ಲಿ ಆ ಬೆಳವಣಿಗೆ ಅರ್ಧಕ್ಕೆ ನಿಲ್ಲಬಹುದು. ಆಮ್ಲಜನಕ ಅಳತೆ ಮೀರಿದರೆ ಅಪಾಯ ಇನ್ನೂ ಹೆಚ್ಚು. ಆಮೇಲೆ ಅಡ್ಡಾದಿಡ್ಡಿಯಾಗಿ ಹುಟ್ಟುವ ಹೊಸ ನಾಳಗಳು ರೆಟಿನಾವನ್ನೇ ಎಳೆದು ಕಿತ್ತುಬಿಡಬಲ್ಲವು. ಆಸ್ಪತ್ರೆಯಲ್ಲಿ ಇದನ್ನು ಆರ್‌ಓಪಿ ಎನ್ನುತ್ತಾರೆ. ಸಣ್ಣ ಮಕ್ಕಳನ್ನು ಉಳಿಸಿಕೊಳ್ಳುವುದನ್ನು ಕಲಿತ ನಮ್ಮಂಥ ದೇಶಗಳಲ್ಲೇ ಇದು ಹೆಚ್ಚುತ್ತಿದೆ. ಹೊರಗಿನಿಂದ ಕಣ್ಣು ಲಕ್ಷಣವಾಗಿಯೇ ಕಾಣುತ್ತದೆ; ಪಾಪೆ ಬೆಳ್ಳಗಾಗಿದ್ದು ಮನೆಯವರಿಗೆ ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಅದಕ್ಕೇ 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ 30 ದಿನ ತುಂಬುವುದರೊಳಗೆ ಮೊದಲ ಪರೀಕ್ಷೆ ಆಗಲೇಬೇಕು. ತೀರಾ ಪುಟ್ಟ ಮಕ್ಕಳಿಗೆ ಇನ್ನೂ ಬೇಗ. ಬಾಣಂತನದ ಕಟ್ಟುಪಾಡುಗಳ ಬಗ್ಗೆ ನನಗೆ ಗೌರವವಿದೆ, ಆದರೆ ಈ ಒಂದಕ್ಕೆ ಹೊಸಿಲು ದಾಟಲೇಬೇಕು. ಟೋಪಿ ಹಾಕಿ, ಬೆಚ್ಚಗೆ ಸುತ್ತಿ, ಎದೆಗವುಚಿಕೊಂಡು ಕರೆತನ್ನಿ. ಪರೀಕ್ಷೆಗೆ ತುಸು ಮುಂಚೆ ಹಾಲು ಕುಡಿಸಬೇಡಿ, ವಾಂತಿಯಾದೀತು. ಪಾಪೆ ಅಗಲಿಸುವ ಹನಿ ಹಾಕಿ, ಸಣ್ಣ ಕ್ಲಿಪ್ಪಿನಿಂದ ರೆಪ್ಪೆ ಬಿಡಿಸಿ ನೋಡುತ್ತಾರೆ. ಮಗು ಕಿರುಚಾಡುತ್ತದೆ, ನೋಡುವವರಿಗೆ ಕರುಳು ಕಿವುಚುತ್ತದೆ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಚಿಕಿತ್ಸೆ ಬೇಕೆಂದರೆ ಲೇಸರ್ ಇದೆ, ಚುಚ್ಚುಮದ್ದೂ ಇದೆ. ಅದನ್ನು ಎರಡು ಮೂರು ದಿನಗಳಲ್ಲೇ ಮಾಡಿಸಬೇಕಾಗುತ್ತದೆ, ಮುಂದಿನ ವಾರ ಒಳ್ಳೆಯ ದಿನವಿದೆ ಎನ್ನುವಂತಿಲ್ಲ.

ಕಾಡಿಗೆ, ಹರಳೆಣ್ಣೆ ಯಾವುದನ್ನೂ ಕಣ್ಣಿಗೆ ಹಾಕಬೇಡಿ. ಮೊದಲ ಸಲ ಏನೂ ಇಲ್ಲ ಎಂದರೂ ನಾಳಗಳು ಅಂಚು ಮುಟ್ಟುವವರೆಗೆ ವಾರಕ್ಕೋ ಹದಿನೈದು ದಿನಕ್ಕೋ ಮತ್ತೆ ತೋರಿಸಬೇಕು. ಮುಂದಿನ ತಾರೀಖನ್ನು ತಾಯಿ ಕಾರ್ಡಿನಲ್ಲೇ ಬರೆಸಿಕೊಂಡು, ಊರಿನ ಆಶಾ ಕಾರ್ಯಕರ್ತೆಗೂ ಹೇಳಿಡಿ.