ಮೊದಲು ನೀರು ತೋರಿಸಿ

ಗೋಲ್ಡ್‌ಫಿಶ್ ಸಾಕುವವರ ಪ್ರಶ್ನೆಗಳಿಗೆ ಪಶುವೈದ್ಯೆಯ ಉತ್ತರ

ನಾನು ಹಸು, ಎಮ್ಮೆ ನೋಡಿಕೊಂಡು ಬಂದ ಡಾಕ್ಟರು. ಮೀನಿನ ವೈದ್ಯಕ್ಕೆ ಇಳಿದದ್ದು ನನ್ನದೇ ಮೂರು ಗೋಲ್ಡ್‌ಫಿಶ್ ಒಂದೇ ವಾರದಲ್ಲಿ ಸತ್ತ ಮೇಲೆ. ಈ ಸಲ ಬಂದ ಪತ್ರಗಳನ್ನು ಓದಿದರೆ ಎಲ್ಲರದ್ದೂ ಒಂದೇ ದಾರಿ. ಮೀನಿನ ಬಣ್ಣ, ಹೆಸರು, ಅದು ಎಷ್ಟು ಜಾಣ ಅನ್ನುವುದೆಲ್ಲ ಎರಡು ಪುಟ ಇರುತ್ತದೆ. ಅದು ಬದುಕುವ ನೀರಿನ ಬಗ್ಗೆ ಒಂದು ಸಾಲೂ ಇಲ್ಲ. ಮುಂದಿನ ಸಲ ಬರೆಯುವಾಗ ಅದನ್ನೂ ಬರೆಯಿರಿ.

ಪ್ರಶ್ನೆ: ಡಾಕ್ಟ್ರೇ, ಮೂರು ವಾರದ ಹಿಂದೆ ಹೊಸ ಟ್ಯಾಂಕ್ ತಂದು ನಾಲ್ಕು ಗೋಲ್ಡ್‌ಫಿಶ್ ಬಿಟ್ಟೆವು. ಒಂದು ಸತ್ತಿತು. ಉಳಿದವು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿವೆ, ರೆಕ್ಕೆಗಳಲ್ಲಿ ಕೆಂಪು ಗೆರೆ ಮೂಡಿದೆ. ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಕಲ್ಲು, ಫಿಲ್ಟರ್ ಎಲ್ಲವನ್ನೂ ನಲ್ಲಿಯ ಕೆಳಗೆ ತಿಕ್ಕಿ ತೊಳೆಯುತ್ತೇವೆ. ಇಷ್ಟು ಕ್ಲೀನಾಗಿ ಇಟ್ಟರೂ ಹೀಗೇಕೆ? ಯಾವ ಔಷಧಿ ಹಾಕಲಿ?

ಉತ್ತರ: ಯಾವುದನ್ನೂ ಹಾಕಬೇಡಿ. ನಿಮ್ಮ ಮೀನಿಗೆ ರೋಗ ಬಂದಿಲ್ಲ, ವಿಷ ಏರುತ್ತಿದೆ. ಆ ವಿಷ ಅವುಗಳದ್ದೇ.

ಗೋಲ್ಡ್‌ಫಿಶ್ ತಿಂದದ್ದರ ಕಸ ಬಹುಪಾಲು ಅಮೋನಿಯಾ ಆಗಿ ಕಿವಿರಿನಿಂದಲೇ ನೀರಿಗೆ ಸೇರುತ್ತದೆ. ಹಳೆಯ ಟ್ಯಾಂಕ್ ಆದರೆ ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಕೂತ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಬೇರೊಂದು ಜಾತಿಯ ಬ್ಯಾಕ್ಟೀರಿಯಾ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟೇನೂ ತೊಂದರೆ ಕೊಡುವುದಿಲ್ಲ, ನೀರು ಬದಲಿಸಿದಾಗ ಹೊರಗೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಬೇರು ಬಿಡಲು ಸುಮಾರು 4ರಿಂದ 6 ವಾರ ಬೇಕು. ನೀವು ಪ್ರತಿ ವಾರ ಅವನ್ನು ತಿಕ್ಕಿ ಚರಂಡಿಗೆ ಕಳಿಸುತ್ತಿದ್ದೀರಿ. ನಲ್ಲಿ ನೀರಿನ ಕ್ಲೋರಿನ್ ಉಳಿದವನ್ನೂ ಮುಗಿಸುತ್ತದೆ. ಜೊತೆಗೆ ಅದೇ ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತದೆ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನನ್ನ ಆ ಮೂರು ಮೀನು ಸತ್ತದ್ದೂ ಹೀಗೇ. ಸ್ಪಂಜಿನಲ್ಲಿ ಕಂದು ಬಣ್ಣದ ಗಸಿ ಕಂಡು ಅಸಹ್ಯವಾಗಿ, ಬಿಳಿ ಬರುವ ತನಕ ನಲ್ಲಿಗೆ ಹಿಡಿದು ಹಿಂಡಿದ್ದೆ. ಆ ಗಸಿಯೇ ಫಿಲ್ಟರ್ ಅಂತ ಆಗ ಗೊತ್ತಿರಲಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಇವತ್ತೇ ಅರ್ಧದಷ್ಟು ನೀರು ತೆಗೆದು ಕ್ಲೋರಿನ್ ಕಳೆದ ನೀರು ಹಾಕಿ. ಮುಟ್ಟಿ ನೋಡಿದರೆ ಎರಡೂ ಒಂದೇ ಬಿಸುಪು ಇರಬೇಕು. ಕ್ಲೋರಿನ್ ತೆಗೆಯುವ ಹನಿಗಳನ್ನು ಬಳಸುವುದು ಒಳ್ಳೆಯದು. ನೀರನ್ನು ರಾತ್ರಿಯಿಡೀ ತೆರೆದಿಟ್ಟರೆ ಕ್ಲೋರಿನ್ ಹಾರಿ ಹೋಗುತ್ತದೆ, ನಿಜ. ಆದರೆ ಕೆಲವು ಕಡೆ ನೀರಿಗೆ ಕ್ಲೋರಿನ್ ಬದಲು ಕ್ಲೋರಮಿನ್ ಹಾಕಿರುತ್ತಾರೆ. ಅದು ಹಾಗೆ ಹಾರುವುದಿಲ್ಲ. ಏರ್ ಪಂಪ್ ಹಗಲು ರಾತ್ರಿ ಓಡಲಿ. ಎರಡು ದಿನ ತಿಂಡಿ ಬೇಡ. ಆರೋಗ್ಯವಾದ ಗೋಲ್ಡ್‌ಫಿಶ್ ಎರಡು ದಿನ ಉಪವಾಸವಿದ್ದರೆ ಸಾಯುವುದಿಲ್ಲ.

ಒಂದು ಟೆಸ್ಟ್ ಕಿಟ್ ತಗೊಳ್ಳಿ, ಹನಿ ಹಾಕಿ ಬಣ್ಣ ನೋಡುವಂಥದ್ದು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬರಬೇಕು. ಸ್ವಲ್ಪ ಇದ್ದರೂ ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸುತ್ತಾ ಹೋಗಿ, ಎರಡೂ ಸೊನ್ನೆಯಾಗುವ ತನಕ. ಫಿಲ್ಟರ್ ಕಟ್ಟಿಕೊಂಡರೆ ಟ್ಯಾಂಕಿನಿಂದ ತೆಗೆದ ನೀರಿನ ಬಕೆಟ್ಟಿನಲ್ಲೇ ಸ್ಪಂಜನ್ನು ಎರಡು ಸಲ ಅದ್ದಿ ಹಿಂಡಿ, ಸಾಕು. ಬೆಳ್ಳಗಾಗಬೇಕಿಲ್ಲ.

ಪ್ರಶ್ನೆ: ಮೇಡಂ, ನನ್ನ ಮೀನಿನ ಕೆನ್ನೆ ಮೇಲೆ ಬಿಳಿ ಚುಕ್ಕೆಗಳು ಬಂದಿವೆ. ಮುಂದಿನ ರೆಕ್ಕೆಯ ಅಂಚಿನಲ್ಲೂ ಸಾಲಾಗಿ ಇವೆ. ಮೈ ಮೇಲೆ ಇಲ್ಲ. ಚೆನ್ನಾಗಿ ತಿನ್ನುತ್ತದೆ. ಇನ್ನೊಂದು ಮೀನಿನ ಹಿಂದೆ ಬಿದ್ದು ಓಡಿಸುತ್ತದೆ. ಇದು ಬಿಳಿಚುಕ್ಕೆ ರೋಗ ಎಂದು ನೆಟ್ಟಿನಲ್ಲಿ ಓದಿದೆ. ಔಷಧಿ ತಂದಿಟ್ಟಿದ್ದೇನೆ, ಇನ್ನೂ ಹಾಕಿಲ್ಲ.

ಉತ್ತರ: ಹಾಕದೇ ಇದ್ದದ್ದು ಪುಣ್ಯ. ನಿಮ್ಮ ಮೀನು ಗಂಡು, ಬೆದೆಗೆ ಬಂದಿದೆ. ಅಷ್ಟೇ.

ಬೆದೆಗೆ ಬಂದ ಗಂಡು ಗೋಲ್ಡ್‌ಫಿಶ್‌ಗೆ ಕಿವಿರಿನ ಮುಚ್ಚಳದ ಮೇಲೆ, ಮುಂದಿನ ಜೋಡಿ ರೆಕ್ಕೆಯ ದಪ್ಪ ಕಡ್ಡಿಯ ಮೇಲೆ ಇಂಥ ಗಟ್ಟಿ ಗುಳ್ಳೆಗಳು ಏಳುತ್ತವೆ. ಸಾಲಾಗಿ, ಎರಡೂ ಕಡೆ ಹೆಚ್ಚು ಕಮ್ಮಿ ಒಂದೇ ಥರ ಇರುತ್ತವೆ. ಕಾಲ ಮುಗಿದರೆ ಮಾಯವಾಗುತ್ತವೆ. ನಾನೂ ಒಮ್ಮೆ ಮೋಸ ಹೋಗಿ ಪೂರ್ತಿ ಟ್ಯಾಂಕಿಗೆ ನೀಲಿ ಔಷಧಿ ಸುರಿದಿದ್ದೆ. ಮೀನಿಗೆ ಏನೂ ಆಗಲಿಲ್ಲ. ಗಾಜಿನ ಮೂಲೆಯ ಸಿಲಿಕೋನ್ ಅಂಟು ಮಾತ್ರ ಇವತ್ತಿಗೂ ನೀಲಿ. ಮನೆಗೆ ಬಂದವರೆಲ್ಲ ಅದು ಡಿಸೈನಾ ಅಂತ ಕೇಳುತ್ತಾರೆ.

ನಿಜವಾದ ಬಿಳಿಚುಕ್ಕೆ ಬೇರೆ ಥರ. ಮೈ, ಬಾಲ, ರೆಕ್ಕೆ ಅಂತ ನೋಡದೆ ಉಪ್ಪಿನ ಹರಳು ಉದುರಿಸಿದ ಹಾಗೆ ಇರುತ್ತದೆ. ಒಂದೊಂದು ಚುಕ್ಕೆ ಒಂದು ಮಿಲಿಮೀಟರ್‌ಗಿಂತ ದೊಡ್ಡದಿರುವುದಿಲ್ಲ. ನಿನ್ನೆ ಐದು ಇದ್ದದ್ದು ಇವತ್ತು ಐವತ್ತಾಗುತ್ತದೆ. ಮೀನು ಕಲ್ಲಿಗೆ, ಫಿಲ್ಟರಿಗೆ ಮೈ ಉಜ್ಜಿಕೊಳ್ಳುತ್ತದೆ, ರೆಕ್ಕೆ ಮುದುಡಿಕೊಂಡು ನಿಲ್ಲುತ್ತದೆ.

ಇದನ್ನು ತರುವುದು ಒಂದು ಪರಾವಲಂಬಿ ಜೀವಿ. ಚುಕ್ಕೆಯೊಳಗೆ, ಚರ್ಮದ ಕೆಳಗೆ ಅದು ಕೂತಿರುವಾಗ ಯಾವ ಔಷಧಿಯೂ ಅದಕ್ಕೆ ತಾಗುವುದಿಲ್ಲ. ಬೆಳೆದ ಮೇಲೆ ಮೀನಿನಿಂದ ಕಳಚಿ ತಳಕ್ಕೆ ಬೀಳುತ್ತದೆ. ಅಲ್ಲಿ ಕೋಶ ಕಟ್ಟಿಕೊಂಡು ಒಡೆದು ನೂರಾರು ಮರಿಯಾಗುತ್ತದೆ. ಆ ಮರಿಗಳು ಇನ್ನೊಂದು ಮೀನು ಹುಡುಕಿಕೊಂಡು ಈಜುವಾಗ ಮಾತ್ರ ನಮ್ಮ ಕೈಗೆ ಸಿಗುತ್ತವೆ. ಹಾಗಾಗಿ ಚುಕ್ಕೆ ಹೋಯಿತು ಅಂತ ಮೂರನೇ ದಿನ ಔಷಧಿ ನಿಲ್ಲಿಸಿದರೆ ಮುಂದಿನ ವಾರ ದುಪ್ಪಟ್ಟು ಬರುತ್ತದೆ. ನೀರು ಬೆಚ್ಚಗಿದ್ದರೆ ಈ ಸುತ್ತು ಕೆಲವೇ ದಿನದಲ್ಲಿ ಮುಗಿಯುತ್ತದೆ, ತಣ್ಣಗಿದ್ದರೆ ವಾರಗಟ್ಟಲೆ ಎಳೆಯುತ್ತದೆ.

ಗೋಲ್ಡ್‌ಫಿಶ್ ಮಾತ್ರ ಇರುವ ಟ್ಯಾಂಕಿಗೆ ನಾನು ಮೊದಲು ಉಪ್ಪನ್ನೇ ಹೇಳುತ್ತೇನೆ, ಲೀಟರಿಗೆ 3 ಗ್ರಾಂ. ಚಮಚದಲ್ಲಿ ಅಳೆಯಬೇಡಿ, ತೂಕ ಮಾಡಿ. ಲೀಟರ್ ಲೆಕ್ಕವನ್ನೂ ಸುಮ್ನೆ ಊಹಿಸಬೇಡಿ. ಉದ್ದ, ಅಗಲ, ನೀರಿನ ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿ. 60, 30, 32 ಆದರೆ 57.6 ಲೀಟರ್. ತಳದ ಕಲ್ಲು ಕಳೆದರೆ 50 ಅಂತ ಇಟ್ಟುಕೊಳ್ಳಿ, ಅಂದರೆ 150 ಗ್ರಾಂ ಉಪ್ಪು. ಜಗ್ಗಿನಲ್ಲಿ ಕರಗಿಸಿ, 50 ಗ್ರಾಂನಂತೆ ಮೂರು ಸಲ, ಹನ್ನೆರಡು ಗಂಟೆಗೊಮ್ಮೆ ಹಾಕಿ. ಗಿಡಗಳಿದ್ದರೆ ಮೊದಲು ತೆಗೆದಿಡಿ, ಬಾಡುತ್ತವೆ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಉಪ್ಪು ನೀರಿನಲ್ಲೇ ಇರಲಿ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಕಮ್ಮಿಯಾದಷ್ಟು ಬರೀ ನೀರು ತುಂಬಿಸಿ, ಮತ್ತೆ ಉಪ್ಪು ಬೇಡ. ಎಷ್ಟು ನೀರು ತೆಗೆದು ಬದಲಿಸುತ್ತೀರೋ ಅಷ್ಟಕ್ಕೆ ಮಾತ್ರ ಹೊಸ ಉಪ್ಪಿನ ಲೆಕ್ಕ.

ನೀವು ತಂದಿಟ್ಟ ಬಾಟಲಿಯನ್ನು ಬಳಸುವ ದಿನ ಬಂದರೆ ಫಿಲ್ಟರಿನಲ್ಲಿ ಕರಿ ಇದ್ದಿಲಿನ ಪೊಟ್ಟಣ ಇದೆಯಾ ನೋಡಿ. ಇದ್ದರೆ ತೆಗೆಯಿರಿ. ತೆಗೆಯದಿದ್ದರೆ ಅದು ಔಷಧಿಯನ್ನೆಲ್ಲ ಹೀರಿಕೊಂಡು ಕೂರುತ್ತದೆ.

ಪ್ರಶ್ನೆ: ಡಾಕ್ಟರ್ ಆಂಟಿ, ನನ್ನ ಮೀನು ರಾತ್ರಿ ತಳದ ಹತ್ತಿರ ಅಲ್ಲಾಡದೆ ನಿಂತಿರುತ್ತೆ. ಕಣ್ಣು ಬಿಟ್ಟೇ ಇರುತ್ತೆ. ಬಣ್ಣ ಸ್ವಲ್ಪ ಮಂಕಾಗಿರುತ್ತೆ. ಅದಕ್ಕೆ ಜ್ವರನಾ?

ಉತ್ತರ: ಇಲ್ಲ ಪುಟ್ಟಾ, ನಿದ್ದೆ. ಗೋಲ್ಡ್‌ಫಿಶ್‌ಗೆ ರೆಪ್ಪೆ ಇಲ್ಲ. ಮುಚ್ಚೋಣ ಅಂದರೂ ಆಗುವುದಿಲ್ಲ. ಕತ್ತಲಲ್ಲಿ ಬಣ್ಣ ಮಂಕಾಗುತ್ತದೆ, ಬೆಳಗ್ಗೆ ವಾಪಸ್ ಬರುತ್ತದೆ. ರಾತ್ರಿ ಟಾರ್ಚ್ ಹಿಡಿದು ನೋಡುತ್ತೀಯ ಅಲ್ವಾ? ಅದನ್ನು ನಿಲ್ಲಿಸು. ಹಗಲಲ್ಲೂ ರೆಕ್ಕೆ ಮುದುಡಿಕೊಂಡು ತಳದಲ್ಲೇ ಕೂತರೆ ಆಗ ಅಪ್ಪ ಅಮ್ಮನಿಗೆ ಹೇಳು.

ಪ್ರಶ್ನೆ: ದುಂಡು ಹೊಟ್ಟೆಯ ಫ್ಯಾನ್ಸಿ ಗೋಲ್ಡ್‌ಫಿಶ್. ತಿಂಡಿ ತಿಂದ ಮೇಲೆ ಬಾಲ ಮೇಲಾಗಿ ತೇಲುತ್ತದೆ. ಒಂದೆರಡು ಗಂಟೆ ಬಿಟ್ಟು ಸರಿಯಾಗುತ್ತದೆ. ಗಾಳಿಚೀಲದ ರೋಗ ಎಂದರು. ಗುಣವಾಗುತ್ತದೆಯೇ?

ಉತ್ತರ: ತಿಂದ ಮೇಲೆ ಮಾತ್ರ ಆಗುತ್ತದೆ ಎಂದು ಬರೆದಿದ್ದೀರಲ್ಲ, ಅದು ಒಳ್ಳೆಯ ಸುದ್ದಿ. ಈ ದುಂಡು ಮೀನುಗಳ ಒಡಲು ಮನುಷ್ಯ ಆರಿಸಿ ಆರಿಸಿ ಗಿಡ್ಡ ಮಾಡಿದ್ದು. ಕರುಳು, ಮೀನು ನೀರಿನಲ್ಲಿ ಸಮವಾಗಿ ತೇಲಲು ನೆರವಾಗುವ ಗಾಳಿಚೀಲ, ಎಲ್ಲ ಅದರೊಳಗೇ ಒತ್ತಿಕೊಂಡು ಕೂತಿವೆ. ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಒಣ ಕಾಳು ತಿಂಡಿ ಗಬಗಬ ತಿಂದರೆ ಒಳಗೆ ಉಬ್ಬಿ ಗಾಳಿಚೀಲವನ್ನು ಒತ್ತುತ್ತದೆ.

ಎರಡು ದಿನ ಏನೂ ಕೊಡಬೇಡಿ. ಮೂರನೇ ದಿನ ಬೇಯಿಸಿದ ಬಟಾಣಿಯ ಸಿಪ್ಪೆ ಸುಲಿದು, ಉಪ್ಪಿಲ್ಲದೆ, ಹಿಸುಕಿ ಚೂರು ಚೂರು ಕೊಡಿ. ಆಮೇಲೆ ತೇಲುವ ತಿಂಡಿ ಬಿಟ್ಟು ಮುಳುಗುವ ತಿಂಡಿಗೆ ಬನ್ನಿ. ಅದನ್ನೂ ಐದು ನಿಮಿಷ ನೆನೆಸಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಎರಡು ಮೂರು ಸಲ ಹಾಕಿ.

ಇಡೀ ದಿನ ತೇಲುತ್ತಿದ್ದರೆ, ಅಥವಾ ತಳದಿಂದ ಏಳಲಾಗದಿದ್ದರೆ ಬಟಾಣಿಯಿಂದ ಆಗುವ ಕೆಲಸವಲ್ಲ. ಸೋಂಕಿರಬಹುದು, ಗಡ್ಡೆಯಿರಬಹುದು. ಮೀನಿಗೂ ಎಕ್ಸ್‌ರೇ ತೆಗೆಯುತ್ತಾರೆ, ನಗಬೇಡಿ. ಗಾಳಿ ತುಂಬಿದ ಚೀಲ ಅದರಲ್ಲಿ ಸೊಗಸಾಗಿ ಕಾಣುತ್ತದೆ.

ಪ್ರಶ್ನೆ: ಆರು ವರ್ಷದಿಂದ ಇರುವ ಮೀನು. ನಾಲ್ಕು ದಿನದಿಂದ ಹೊಟ್ಟೆ ಊದಿದೆ, ಮೈಯ ಹುರುಪೆಗಳೆಲ್ಲ ಎದ್ದು ನಿಂತಿವೆ. ಕಣ್ಣು ಹೊರಗೆ ಬಂದಂತಿದೆ. ಪರಿಚಯದವರೊಬ್ಬರು ಮನುಷ್ಯರ ಆಂಟಿಬಯಾಟಿಕ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಹಾಕಲು ಹೇಳಿದರು. ಹಾಕಲೇ? ಉಳಿದ ಎರಡು ಮೀನಿಗೂ ಬರುತ್ತದೆಯೇ?

ಉತ್ತರ: ಬೇಡ. ನೀರಿಗೆ ಹಾಕಿದ ಕ್ಯಾಪ್ಸೂಲ್ ಮೀನಿನ ಒಳಗೆ ಎಷ್ಟು ಹೋಗುತ್ತದೋ ಹೇಳುವಂತಿಲ್ಲ. ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನು ಕೊಂದು ಅಮೋನಿಯಾ ಏರಿಸುವ ಅಪಾಯ ಮಾತ್ರ ಖಂಡಿತ ಇದೆ.

ಮೇಲಿನಿಂದ ನೋಡಿದರೆ ಹೆಂಚುಗಳು ಎದ್ದ ಮಾಡಿನ ಹಾಗೆ ಕಾಣುತ್ತದೆ ಅಲ್ವಾ? ಇದು ಜಲೋದರ. ಇದು ಒಂದು ರೋಗದ ಹೆಸರಲ್ಲ, ಒಳಗೆ ಏನೋ ಕೆಟ್ಟಿದೆ ಎನ್ನುವ ಗುರುತು. ಸಿಹಿನೀರಿನ ಮೀನಿನ ಮೈಯೊಳಗೆ ನೀರು ಸದಾ ಇಳಿಯುತ್ತಲೇ ಇರುತ್ತದೆ. ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತಲೇ ಇರಬೇಕು. ಅದು ಸೋತಾಗ ನೀರು ಒಳಗೇ ನಿಲ್ಲುತ್ತದೆ, ಹುರುಪೆ ಎದ್ದೇಳುತ್ತದೆ. ಹುರುಪೆ ಏಳುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ. ನಿಮಗೆ ಸುಳ್ಳು ಭರವಸೆ ಕೊಡಲಾರೆ. ನನ್ನ ಕೈಗೆ ಬಂದ ಇಂಥ ಮೀನುಗಳಲ್ಲಿ ಉಳಿದವು ಬೆರಳೆಣಿಕೆ. ಅವೂ ಬರೀ ಹೊಟ್ಟೆ ದಪ್ಪಗಾದಾಗಲೇ ತಂದಂಥವು.

ಆದರೂ ಇನ್ನೂ ತಿನ್ನುತ್ತಿದ್ದರೆ ಬಿಡಬೇಡಿ. ಅದೇ ಟ್ಯಾಂಕಿನ ನೀರು ತುಂಬಿದ ಬೇರೆ ಟಬ್ಬಿಗೆ ಏರ್ ಪಂಪ್ ಜೋಡಿಸಿ ಅದನ್ನು ಬಿಡಿ. ದಿನಾ ಕಾಲು ಭಾಗ ನೀರು ಬದಲಿಸಿ. ಮೀನು ನೋಡುವ ಪಶುವೈದ್ಯರಿಗೆ ತೋರಿಸಿ. ಆಂಟಿಬಯಾಟಿಕ್ ಬೇಕೆಂದರೆ ಅವರು ತಿಂಡಿಯಲ್ಲಿ ಬೆರೆಸಿಯೋ ಇಂಜೆಕ್ಷನ್ ಆಗಿಯೋ, ತೂಕ ನೋಡಿ ಕೊಡುತ್ತಾರೆ. ತಿನ್ನುವುದು ಬಿಟ್ಟು ಪಕ್ಕಕ್ಕೆ ಮಲಗಿದರೆ, ಪ್ರಜ್ಞೆ ತಪ್ಪಿಸುವ ಔಷಧಿ ಕೊಟ್ಟು ನೋವಿಲ್ಲದೆ ಕಳಿಸಿಕೊಡಲು ಅವರನ್ನೇ ಕೇಳಿ. ಫ್ರೀಜರಿನಲ್ಲಿ ಇಡುವುದು, ಜೀವವಿರುವಾಗಲೇ ಕಕ್ಕಸಿಗೆ ಹಾಕಿ ನೀರು ಬಿಡುವುದು, ಇವೆಲ್ಲ ಬೇಡವೇ ಬೇಡ.

ಜಲೋದರ ಸಾಮಾನ್ಯವಾಗಿ ಒಂದರಿಂದ ಒಂದಕ್ಕೆ ಅಂಟುವುದಿಲ್ಲ. ಆದರೆ ಮೂರೂ ಒಂದೇ ನೀರಿನಲ್ಲಿದ್ದವು. ಆ ನೀರನ್ನು ಇವತ್ತೇ ಟೆಸ್ಟ್ ಮಾಡಿ. ಈ ಮೀನಿಗೆ ಬಳಸಿದ ಬಲೆಯನ್ನು ಉಳಿದವಕ್ಕೆ ಬಳಸಬೇಡಿ. ನಿಮ್ಮ ಕೈಯಲ್ಲಿ ಗೀರು, ಗಾಯ ಇದ್ದರೆ ಗ್ಲೌಸ್ ಹಾಕಿಕೊಂಡೇ ನೀರಿಗೆ ಕೈ ಹಾಕಿ. ಮೀನಿನ ಟ್ಯಾಂಕಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ, ಕ್ಷಯದ ಬ್ಯಾಕ್ಟೀರಿಯಾದ ದಾಯಾದಿ, ಗಾಯದ ಮೂಲಕ ಮನುಷ್ಯನ ಚರ್ಮಕ್ಕೂ ಸೇರುತ್ತದೆ. ಬೆರಳ ಮೇಲೆ ವಾರಗಟ್ಟಲೆ ಮಾಯದ ಗಂಟು ಎದ್ದರೆ, ಚರ್ಮದ ಡಾಕ್ಟರಿಗೆ ತೋರಿಸುವಾಗ ಮನೆಯಲ್ಲಿ ಮೀನಿದೆ ಎಂದು ಮೊದಲೇ ಹೇಳಿ.