ಜೋಳದ ಕೂಳೆಗೆ ಕುದುರೆ ಬೇಡ

ಪ್ರಶ್ನೆ: ಡಿಸೆಂಬರ್‌ಗೆ ನಮ್ಮ ಹುಲ್ಲುಗಾವಲು ಒಣಗುತ್ತದೆ. ಜೋಳ ಕೊಯ್ದ ಹೊಲದಲ್ಲಿ ಕುದುರೆ ಮೇಯಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಕೂಳೆಯ ಎಳೆ ಚಿಗುರಿನಲ್ಲಿ ಸಯನೈಡ್ ವಿಷವಿರುತ್ತದೆ. ದನಗಳಲ್ಲಿ ಅದು ಬೇಗ ಕಾಣಿಸಿಕೊಳ್ಳುತ್ತದೆ. ಕುದುರೆಯಲ್ಲಿ ಹಾಗಲ್ಲ, ವಾರಗಟ್ಟಲೆ ಮೇದ ಮೇಲೆ ಹಿಂಗಾಲು ತೂರಾಡುತ್ತದೆ, ಮೂತ್ರ ತಡೆಯಲಾಗದೆ ಹನಿಯುತ್ತದೆ. ಆ ಹಂತ ತಲುಪಿದರೆ ಪೂರ್ತಿ ಚೇತರಿಕೆ ಅಪರೂಪ.

ಹುಲ್ಲುಗಾವಲಿಗೇ ಬಿಡಿ. ಹುಲ್ಲು 3 ಇಂಚಿಗಿಂತ ಗಿಡ್ಡವಾದಾಗ ನಿಲ್ಲಿಸಿ. ಬುಡದವರೆಗೆ ಕಚ್ಚುವ ಕುದುರೆ ಮಣ್ಣನ್ನೂ ನುಂಗುತ್ತದೆ. ಮರಳು ದೊಡ್ಡಕರುಳಲ್ಲಿ ಕುಳಿತು ಹೊಟ್ಟೆಶೂಲೆ ಬರುತ್ತದೆ. 400 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು 8 ಕಿಲೋ ಒಣಹುಲ್ಲು ಬೇಕು. ನೆಲಕ್ಕೆ ಹರಡದೆ ಗೋದಲಿಯಲ್ಲಿ ಹಾಕಿ, ಬೂಷ್ಟು ಹಿಡಿದದ್ದನ್ನು ಎಸೆಯಿರಿ. ಹಸಿಮೇವಿನಿಂದ ಒಣಮೇವಿಗೆ 7–10 ದಿನಗಳಲ್ಲಿ ನಿಧಾನವಾಗಿ ಬದಲಿಸಿ. ಚಳಿಗೆ ನೀರು ಕುಡಿಯುವುದು ಕಡಿಮೆಯಾದರೆ ಒಣಮೇವು ಕರುಳಲ್ಲಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಬಾನಿಯಲ್ಲಿ ಸದಾ ಶುದ್ಧ ನೀರಿರಲಿ, ದಿನಕ್ಕೆ 25 ಗ್ರಾಂ ಉಪ್ಪು ಕೊಡಿ.